ಆರಿಯೋಮೈಸಿನ್

ಲ್ಯಾಟಿನ್ನಿನ ‘ಆರಿಯಸ್’ ಎಂದರೆ ಸುವರ್ಣಮಯವಾದುದು, ಗ್ರೀಕಿನ ‘ಮೈಕಸ್’ ಎಂದರೆ ಶಿಲೀಂಧ್ರ; ಇವೆರಡರ ಸಂಯೋಗದಿಂದುದಿಸಿದ ಈ ನಾಮಧೇಯವು, ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ಹೊಲವೊಂದರ ಮಣ್ಣಿನಲ್ಲಿ ದೊರೆತ ಹೊಂಬಣ್ಣದ ಸೂಕ್ಷ್ಮಜೀವಿಯಿಂದ ವೃದ್ಧ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಪಡೆದು, 1948ರಲ್ಲಿ ಲೋಕಕ್ಕೆ ಪ್ರಕಟಿಸಿದ ದಿವ್ಯೌಷಧಕ್ಕೆ ಸಂದಿತು. ಆ ಜೀವಿ ವಸ್ತುತಃ ಶಿಲೀಂಧ್ರವಲ್ಲ, ಬ್ಯಾಕ್ಟೀರಿಯವೇ. ಆದರೂ ಹೆಸರು ನಿಂತಿತು. ಡಗ್ಗರರು ದುಡಿದ ಲೆಡರ್ಲೆ ಸಂಶೋಧನಶಾಲೆಯ ನೇತಾರರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಎಂಬುದು ಕೃತಜ್ಞತೆಯಿಂದ ನೆನೆಯತಕ್ಕ ಸಂಗತಿ. ರೋಗಾಣುವಿನೊಳಗಣ ಪ್ರೋಟೀನು ನಿರ್ಮಾಣವನ್ನೇ ತಡೆಯುವ ಈ ಮದ್ದು, ಪೆನಿಸಿಲಿನ್ನಿಗೆ ಮಣಿಯದ ಟೈಫಸ್ ಜ್ವರವನ್ನೂ ಮಣಿಸಿತು. ಅಣುವಿನಲ್ಲಿ ನಾಲ್ಕು ಉಂಗುರಗಳಿವೆಯೆಂದು ತಿಳಿದ ಬಳಿಕ ಇದರ ಕುಲಕ್ಕೆಲ್ಲ ‘ಟೆಟ್ರಾಸೈಕ್ಲಿನ್’ ಎಂಬ ಹೆಸರಾಯಿತು. ಬೆಳೆಯುವ ಹಲ್ಲುಗಳಲ್ಲಿ ಸೇರಿ ಅಳಿಯದ ಕಲೆಯನ್ನುಳಿಸುವುದರಿಂದ, ಈ ಕುಲದ ಮದ್ದುಗಳನ್ನು ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಕೊಡಲು ವೈದ್ಯರು ಸಾಮಾನ್ಯವಾಗಿ ಒಪ್ಪರು.