ತುಪ್ಪಳಕ್ಕೆ ಬಲಿಯಾದ ಚಿಂಚಿಲ್ಲಾ ಪಂಜರದಲ್ಲಿ ಉಳಿದದ್ದು ಹೇಗೆ?

ಮೊಬೈಲಿನ ವಿಡಿಯೋಗಳಲ್ಲಿ ನೀವೂ ನೋಡಿರಬಹುದು. ಅಳಿಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು. ಅಗಲ ಕಿವಿ, ಪೊದೆಯಂಥ ಬಾಲ, ಬೂದು ಮೈ. ಬಟ್ಟಲಲ್ಲಿ ಹಾಕಿಟ್ಟ ಪುಡಿಯಲ್ಲಿ ಗಿರ್ರನೆ ಹೊರಳುತ್ತದೆ. ಅದೇ ಚಿಂಚಿಲ್ಲಾ. ನಮಗೆ ಆಟದಂತೆ ಕಾಣುವ ಆ ಹೊರಳಾಟ ಅದರ ಸ್ನಾನ. ಅದು ಯಾಕೆ ಹಾಗೆ ಸ್ನಾನ ಮಾಡುತ್ತದೆ ಎಂದು ತಿಳಿಯಲು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಕ್ಕೇ ಹೋಗಬೇಕು.

ಅಲ್ಲಿ ಮಳೆ ಕಡಿಮೆ, ಚಳಿ ಜಾಸ್ತಿ. ಹಗಲು ಬಂಡೆಗಳ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ಮೇಯಲು ಬರುವ ಪ್ರಾಣಿ ಇದು. ಚಳಿ ತಡೆಯಲು ಅದಕ್ಕೆ ಸಿಕ್ಕಿದ್ದು ದಟ್ಟವಾದ ತುಪ್ಪಳ. ನಮ್ಮ ತಲೆಯಲ್ಲಿ ಒಂದು ಬುಡದಿಂದ ಒಂದೆರಡು ಕೂದಲು ಬಂದರೆ, ಇದರ ಮೈಯಲ್ಲಿ ಸುಮಾರು 60 ಬರುತ್ತವೆ.

ಆ ತುಪ್ಪಳವೇ ಅದಕ್ಕೆ ಮುಳುವಾಯಿತು. 19ನೇ ಶತಮಾನದಲ್ಲಿ ಯುರೋಪು, ಅಮೆರಿಕದ ಸಿರಿವಂತರಿಗೆ ಚಿಂಚಿಲ್ಲಾ ಕೋಟಿನ ಹುಚ್ಚು ಹಿಡಿಯಿತು. ಒಂದು ಕೋಟಿಗೆ ನೂರಕ್ಕೂ ಹೆಚ್ಚು ಪ್ರಾಣಿಗಳ ಚರ್ಮ ಬೇಕು. 1900ರ ಹೊತ್ತಿಗೆ ಚಿಲಿ ದೇಶದಿಂದ ವರ್ಷಕ್ಕೆ ಲಕ್ಷಗಟ್ಟಲೆ ಚರ್ಮ ಹಡಗು ಹತ್ತುತ್ತಿತ್ತು. ಚಿಂಚಿಲ್ಲಾ ಇಲಿಯ ಬಳಗದ್ದೇ ಆದರೂ ಇಲಿಯಂತೆ ಬೇಗ ಹೆರುವುದಿಲ್ಲ. ಗರ್ಭ ಸುಮಾರು 111 ದಿನ, ಮರಿ ಸಾಮಾನ್ಯವಾಗಿ ಎರಡು. ಕೊಂದಷ್ಟು ವೇಗದಲ್ಲಿ ಹುಟ್ಟಲಿಲ್ಲ.

1910ರಲ್ಲಿ ಚಿಲಿ, ಪೆರು, ಬೊಲಿವಿಯಾ, ಅರ್ಜೆಂಟೀನಾ ಸೇರಿ ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಂಡವು. ನಿಷೇಧ ಬಂದಂತೆ ಚರ್ಮದ ಬೆಲೆ ಏರಿತು, ಕಳ್ಳಬೇಟೆ ನಡೆದೇ ಇತ್ತು.

ಆಗ ಚಿಲಿಯ ತಾಮ್ರದ ಗಣಿಯೊಂದರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಎಂಜಿನಿಯರ್ ಇದ್ದರು. ಸ್ಥಳೀಯನೊಬ್ಬ ಡಬ್ಬಿಯಲ್ಲಿ ಚಿಂಚಿಲ್ಲಾ ಹಿಡಿದು ತಂದು ಅವರಿಗೆ ಮಾರಿದ ಎಂದು ಕಥೆ. ಆಮೇಲೆ ಅವರು ಆಳುಗಳನ್ನಿಟ್ಟು ಹುಡುಕಿಸಿದರು. ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿದ್ದು ಹನ್ನೊಂದೇ. ಬಿಸಿ ತಡೆಯಲಾರವೆಂದು ಅವುಗಳನ್ನು ಬೆಟ್ಟದಿಂದ ನಿಧಾನವಾಗಿ, ಹಂತ ಹಂತವಾಗಿ ಕೆಳಗಿಳಿಸಿದರು. ಹಡಗಿನಲ್ಲಿ ಮಂಜುಗಡ್ಡೆ ಇಟ್ಟು ತಂಪು ಮಾಡಿ 1923ರಲ್ಲಿ ಕ್ಯಾಲಿಫೋರ್ನಿಯಾ ಮುಟ್ಟಿಸಿದರು. ಇಂದು ಅಮೆರಿಕದ ಮನೆಗಳಲ್ಲಿರುವ ಬಹುಪಾಲು ಚಿಂಚಿಲ್ಲಾಗಳು ಆ ಚಿಕ್ಕ ಗುಂಪಿನ ವಂಶವೆಂದೇ ಹೇಳುತ್ತಾರೆ.

ಇದನ್ನು ಕರುಣೆಯ ಕಥೆ ಎಂದು ನಾವು ಬರೆಯಲಾರೆವು. ಚಾಪ್‌ಮನ್ ಸಾಕಲು ಹೊರಟಿದ್ದೂ ತುಪ್ಪಳಕ್ಕಾಗಿಯೇ. ಮನೆಯ ಮುದ್ದಿನ ಪ್ರಾಣಿಯಾಗಿದ್ದು ಆಮೇಲಿನ ಮಾತು.

ಪಂಜರಕ್ಕೆ ಬಂದು ನೂರು ವರ್ಷವಾದರೂ ಅದರ ಮೈ ಬೆಟ್ಟವನ್ನು ಮರೆತಿಲ್ಲ. ಸಾಕುವ ನಿಯಮಗಳೆಲ್ಲ ಅಲ್ಲಿಂದಲೇ ಬಂದವು. ಆಂಡಿಸ್‌ನಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೊರಳುತ್ತಿತ್ತು, ನಮ್ಮ ಕೋಳಿ, ಗುಬ್ಬಿ ಮಣ್ಣಲ್ಲಿ ಹೊರಳಿದ ಹಾಗೆ. ಅದಕ್ಕೇ ಇಂದೂ ನುಣ್ಣನೆಯ ಪುಡಿ ಕೊಡಬೇಕು. ನೀರು ಹಾಕಿದರೆ ದಟ್ಟ ಕೂದಲು ಬೇಗ ಒಣಗದೆ ಬೂಷ್ಟು ಹಿಡಿಯಬಹುದು. ಅಲ್ಲಿ ಒರಟು ಹುಲ್ಲು ಮೆಲ್ಲುತ್ತಿತ್ತು. ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಸವೆಯಲು ಒಣಹುಲ್ಲೇ ಬೇಕು. ಬಾದಾಮಿ, ದ್ರಾಕ್ಷಿ ಪ್ರೀತಿಯಿಂದ ಕೊಟ್ಟರೂ ಹೊಟ್ಟೆ ಕೆಡುತ್ತದೆ. ವೈರಿ ಹಿಡಿದರೆ ಕೂದಲ ಗುಚ್ಛ ಬಿಟ್ಟು ಓಡುವುದು ಅದರ ಅಭ್ಯಾಸ. ಗಬಕ್ಕನೆ ಹಿಡಿದರೆ ನಮ್ಮ ಕೈಯಲ್ಲೂ ಕೂದಲೇ ಉಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡದು ಬಿಸಿ. ಅದಕ್ಕೆ ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಬರುವುದಿಲ್ಲ. 27 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ರಾಯಚೂರು, ಕಲಬುರಗಿಯ ಬೇಸಿಗೆ 40 ದಾಟುತ್ತದೆ. ಮಧ್ಯಾಹ್ನ ಕರೆಂಟ್ ಹೋದರೆ ಅದರ ಗತಿಯೇನು? ವಿಡಿಯೋ ನೋಡಿ ಆಸೆಪಡುವ ಮೊದಲು ಇದನ್ನು ಕೇಳಿಕೊಳ್ಳೋಣ. ಚೆನ್ನಾಗಿ ನೋಡಿಕೊಂಡರೆ 10-20 ವರ್ಷ ಬದುಕುವ ಜೀವ ಅದು.

ಚಿಲಿಯ ಇಲ್ಯಾಪೆಲ್ ಊರಿನ ಹತ್ತಿರ 1983ರಲ್ಲಿ ಚಿಂಚಿಲ್ಲಾಗಳಿಗೆಂದೇ ರಕ್ಷಿತಾರಣ್ಯ ಮಾಡಿದರು. ಆದರೂ ಅದರ ಎರಡೂ ಪ್ರಭೇದಗಳು ಇಂದಿಗೂ ಅಳಿವಿನಂಚಿನ ಪಟ್ಟಿಯಲ್ಲಿವೆ. ಪಂಜರದಲ್ಲಿ ಎಷ್ಟೇ ಹೆಚ್ಚಿದರೂ ಬೆಟ್ಟದಲ್ಲಿ ಖಾಲಿಯಾದ ಬಂಡೆಸಂದಿಗಳು ತುಂಬಿಲ್ಲ.