ಎಂಜಿನ್ನಿಗೆ ಕೈ ಹಾಕಿದವರ ಗುರುತು

ಒಬ್ಬರ ಕೈಯಲ್ಲಿ ಓಡಿ ಮತ್ತೊಬ್ಬರ ಕೈಗೆ ಬಂದ ವಾಹನದ ಎಂಜಿನ್ ಕಂಪನಿ ಕೊಟ್ಟ ಹದದಲ್ಲೇ ಇದೆಯೇ, ಬಲ ಹೆಚ್ಚಿಸಲೆಂದು ನಡುವೆ ಯಾರಾದರೂ ಕೈ ಹಾಕಿದ್ದಾರೆಯೇ ಎಂದು ಪತ್ತೆ ಹಚ್ಚುವುದು ಗ್ಯಾರೇಜುಗಳ ಹಳೆಯ ವಿದ್ಯೆ. ವಿಜಯಪುರ ಸೀಮೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ತಿಕೋಟಾ ತಾಲ್ಲೂಕಿನ ಕನಮಡಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು. ಆಚೆ ಜತ್ತ, ಸಾಂಗಲಿ. ಗಡಿ ದಾಟಿ ಹೊಸ ಮಾಲೀಕನಿಗೆ ಬರುವ ವಾಹನದ ಜೊತೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬರುತ್ತದೆ. ಅದರಲ್ಲಿ ಎಂಜಿನ್ ನಂಬರು, ಚಾಸಿ ನಂಬರು ಇರುತ್ತವೆ. ಹಿಂದಿನವರು ಡೀಸೆಲ್ ಪಂಪು ಏರಿಸಿದ್ದರೇ, ಎಂಜಿನ್ ನಡೆಸುವ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸಿದ್ದರೇ ಎಂಬುದು ಇರುವುದಿಲ್ಲ. ಅದನ್ನು ಎಂಜಿನ್ನಿನಿಂದಲೇ ತಿಳಿಯಬೇಕು.

ಈ ಭಾಗದ ಮಿಸ್ತ್ರಿಗಳಿಗೆ ಮೊದಲ ಪಾಠ ಹೇಳಿದ್ದು ಕಾರಲ್ಲ, ಬಾವಿಯ ದಂಡೆಯ ಆಯಿಲ್ ಎಂಜಿನ್. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಸಾಂಗಲಿ ಸೀಮೆಯ ಕಿರ್ಲೋಸ್ಕರವಾಡಿಗೆ ಹೋದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಆರಂಭವಾಯಿತು. ಮಳೆ ಕಡಿಮೆಯ ಈ ಬಯಲುಸೀಮೆಯಲ್ಲಿ ಅಂಥ ಎಂಜಿನ್ನುಗಳು ನೀರೆತ್ತಿದವು. ಅವುಗಳ ರೋಗ ಹೊಗೆಯಲ್ಲೇ ಕಾಣುತ್ತಿತ್ತು. ಕರಿ ಹೊಗೆ ಬಂದರೆ ಡೀಸೆಲ್ ಹೆಚ್ಚು ಇಲ್ಲವೇ ಗಾಳಿ ಕಡಿಮೆ; ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ; ಬಿಳಿ ಹೊಗೆಯಾದರೆ ಡೀಸೆಲ್ ಪೂರ್ತಿ ಉರಿದಿಲ್ಲ ಅಥವಾ ಒಳಗೆ ನೀರು ಸೇರಿದೆ.

1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ, ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಈ ವಿದ್ಯೆಗೆ ಅಳತೆಯ ಶಿಸ್ತು ತಂದಿತು. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಮೈಕೋ ಡೀಸೆಲ್ ಪಂಪು ಲಾರಿ, ಟ್ರ್ಯಾಕ್ಟರುಗಳಲ್ಲೆಲ್ಲ ಕೂತಿತು. ಪಂಪನ್ನು ಟೆಸ್ಟ್ ಬೆಂಚಿಗೆ ಏರಿಸಿ, ಇಂತಿಷ್ಟು ಸ್ಟ್ರೋಕಿಗೆ ಎಷ್ಟು ಸಿಸಿ ಡೀಸೆಲ್ ಬಿತ್ತೆಂದು ಗಾಜಿನ ಕೊಳವೆಗಳಲ್ಲಿ ಅಳೆಯುತ್ತಾರೆ. ಒಂದು ಕೊಳವೆಯಲ್ಲಿ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ ಬಿದ್ದರೆ ಆ ಎಂಜಿನ್ ನಡುಗುತ್ತದೆ. ಹದವಾದ ಮೇಲೆ ಗರಿಷ್ಠ ಡೀಸೆಲ್ ನಿಗದಿ ಮಾಡುವ ಸ್ಕ್ರೂವಿಗೆ ತಂತಿ ಸುತ್ತಿ ಸೀಸದ ಸೀಲು ಒತ್ತುತ್ತಾರೆ. ಹಳೆ ಟ್ರ್ಯಾಕ್ಟರು ಕೊಳ್ಳುವಾಗ ಬಲ್ಲವರು ಬಣ್ಣಕ್ಕಿಂತ ಮೊದಲು ಈ ಸೀಲನ್ನು ನೋಡುತ್ತಾರೆ. ಸೀಲು ಒಡೆದಿದ್ದರೆ ಪಂಪು ಬಿಚ್ಚಿದ್ದಾರೆ. ಸ್ಕ್ರೂ ತಲೆ ಹೊಸದಾಗಿ ಗೀಚಿದ್ದರೆ ಡೀಸೆಲ್ ಏರಿಸಿರುವ ಸಂಭವವೂ ಇದೆ.

ಪೆಟ್ರೋಲ್ ಗಾಡಿಗಳಲ್ಲಿ ಸಾಕ್ಷಿ ಹೇಳುತ್ತಿದ್ದದ್ದು ಸ್ಪಾರ್ಕ್ ಪ್ಲಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಮಾಡಿ 1996ರಲ್ಲಿ ಮುಚ್ಚಿತು. ಈ ಟೂ ಸ್ಟ್ರೋಕ್ ಗಾಡಿಗಳ ಕಾರ್ಬ್ಯುರೇಟರಿನ ಜೆಟ್ ಬದಲಿಸುವುದು, ಪೋರ್ಟ್ ಅರೆದು ಅಗಲಿಸುವುದು ಸುಲಭವಿತ್ತು. ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುತ್ತಿದ್ದರು: ಬಿಸ್ಕತ್ತಿನ ಬಣ್ಣವಿದ್ದರೆ ಹದ, ಮಸಿ ಹಿಡಿದರೆ ಪೆಟ್ರೋಲ್ ಹೆಚ್ಚು, ಬೆಳ್ಳಗೆ ಸುಟ್ಟಿದ್ದರೆ ಕಡಿಮೆ. ಹೀಗೆ ಸುಟ್ಟರೆ ಪಿಸ್ಟನ್ನಿಗೇ ಅಪಾಯ. ಪ್ಲಗ್ಗಿನ ಮೇಲಿನ ಅಂಕಿಯೂ ಮಾತಾಡುತ್ತಿತ್ತು. ಡಬ್ಲ್ಯು 175ರಂಥ ಹಳೆಯ ಅಂಕಿಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು. ಈಗಿನ ಬಾಷ್ ಅಂಕಿಗಳಲ್ಲಿ ಇದು ತಿರುಗುಮುರುಗು. ಕಂಪನಿ ಹೇಳಿದ್ದಕ್ಕಿಂತ ತಣ್ಣನೆಯ ಪ್ಲಗ್ ಇದ್ದರೆ ಎಂಜಿನ್ ಬಿಸಿ ಏರಿದೆಯೆಂದು ಹಿಂದಿನವರಿಗೆ ಗೊತ್ತಿತ್ತೆಂದೇ ತಿಳಿಯಬೇಕು. 2000ದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತ ಮೇಲೆ ಪ್ಲಗ್ಗಿನ ಬಣ್ಣ ತಿಳಿಯಾಯಿತು. ಹಳೆಯ ಕಣ್ಣು ಹೊಸದಾಗಿ ಪಳಗಬೇಕಾಯಿತು.

ಕಂಪನಿಯೇ ಎರಡು ಹದ ಕೊಟ್ಟ ಉದಾಹರಣೆಯೂ ಇದೆ. 1983ರಲ್ಲಿ ಬಂದ ರಾಜದೂತ್ 350 ಬೈಕಿನ ಹೈ ಟಾರ್ಕ್ ಬಗೆಗೆ 30.5 ಅಶ್ವಶಕ್ತಿ, ಆಮೇಲೆ ಬಂದ ಲೋ ಟಾರ್ಕ್ ಬಗೆಗೆ ಸುಮಾರು 27. ಬ್ಯಾಡ್ಜ್ ಬದಲಿಸಿ ಮಾರುವುದು ಸುಲಭ. ಸಿಲಿಂಡರಿನ ಮೇಲಂಚಿನಿಂದ ಎಕ್ಸಾಸ್ಟ್ ಪೋರ್ಟಿನ ಮೇಲುತುದಿಯವರೆಗೆ ಅಳೆದ ಅಳತೆ ಮಾತ್ರ ಸುಳ್ಳು ಹೇಳುವುದಿಲ್ಲ.

ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಬಂದ ಮೇಲೆ ಗುಟ್ಟು ಸ್ಕ್ರೂವಿನಿಂದ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವಿಗೆ ಹೋಯಿತು. 2010ರಿಂದ ಭಾರತ್ ಸ್ಟೇಜ್ 4 ಕಾರುಗಳಲ್ಲಿ, 2013ರಿಂದ ಎರಡನೇ ಹಂತದಲ್ಲಿ, ಎಂಜಿನ್ ತನ್ನ ದೋಷವನ್ನು ತಾನೇ ದಾಖಲಿಸುವ ಓಬಿಡಿ ಕಡ್ಡಾಯವಾಯಿತು. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಹಾಕಿದರೆ ಎಂಜಿನ್ ಉತ್ತರಿಸುತ್ತದೆ. ಆದರೆ ಎರಡು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಕಾಮನ್ ರೈಲ್ ಡೀಸೆಲ್ ಕಾರಿನಲ್ಲಿ ರೈಲ್ ಪ್ರೆಶರ್ ಸೆನ್ಸರಿಗೂ ಇಸಿಯುಗೂ ನಡುವೆ ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿರುತ್ತಾರೆ. ಅದು ನಿಜಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ, ಇಸಿಯು ಒತ್ತಡ ಏರಿಸುತ್ತದೆ. ಸ್ಕ್ಯಾನರಿನಲ್ಲಿ ಮಾತ್ರ ಎಲ್ಲವೂ ಸರಿ. ವೈರಿಂಗ್ ಹಿಡಿದು ಕಣ್ಣಲ್ಲೇ ಹುಡುಕುವುದೇ ಇದಕ್ಕೆ ಉಪಾಯ. ರೀಮ್ಯಾಪ್ ಆದ ಕಾರಿನಲ್ಲಿ ಬಾಕ್ಸೇ ಇರುವುದಿಲ್ಲ. ಇಸಿಯುವಿನ ಸಾಫ್ಟ್‌ವೇರಿನ ಗುರುತಾದ ಕ್ಯಾಲಿಬ್ರೇಷನ್ ಐಡಿ ಹಳೆಯದೇ ಇದ್ದು, ಆ ಸಾಫ್ಟ್‌ವೇರಿನ ತಾಳೆ ಸಂಖ್ಯೆ ಕಂಪನಿಯದಕ್ಕೆ ಕೂಡದಿದ್ದರೆ ಒಳಗಿನ ಬರಹ ಬದಲಾಗಿದೆ ಎಂದರ್ಥ. ಬಲ್ಲ ಟ್ಯೂನರ್ ಇದನ್ನೂ ಮುಚ್ಚಬಲ್ಲ. ಆಗ ಟರ್ಬೊ ಒತ್ತಡ, ಇಸಿಯು ಇಂಧನ ಹೆಚ್ಚು-ಕಡಿಮೆ ಮಾಡುವ ಫ್ಯೂಯಲ್ ಟ್ರಿಮ್, ನಾಕ್ ಎಂಬ ಬಡಿತ ಬಂದಾಗ ಇಗ್ನಿಷನ್ ಹಿಂಜರಿಯುವ ಅಂಕಿಗಳನ್ನು ಓಡುವಾಗಲೇ ದಾಖಲಿಸಿ ಓದಬೇಕು.

ಯುಗ ಯಾವುದಾದರೂ ನುರಿತವರ ಕ್ರಮ ಒಂದೇ. ಮೊದಲು ಕಂಪ್ರೆಷನ್, ಗಾಳಿ ಸೋರಿಕೆ, ಇಂಜೆಕ್ಟರಿನ ಮೇಲಿನ ನಂಬರು. ಆಮೇಲೆ ನಿಧಾನ ಓಟದ ಅಂಕಿ. ಹದ ತಿಳಿಯುವ ತನಕ ಪೂರ್ತಿ ಥ್ರಾಟಲ್ ಇಲ್ಲ. ಹೊರಗಿನ ಬಿಡಿಭಾಗ ನೋಡದೆ ಲ್ಯಾಪ್‌ಟಾಪ್ ತೆರೆಯುವುದು ಈ ಕಸುಬಿನಲ್ಲಿ ಉಲ್ಟಾ ದಾರಿ.

ಕಾನೂನೂ ಕೊಳ್ಳುವವರ ಲೆಕ್ಕದಲ್ಲಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರಗಳಿಗೆ ಹೊರತಾದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.