ಪೈಪ್ ಬ್ಯಾಂಡಿನ ಡ್ರಮ್: ತಾಳ ಒಂದು, ತವರು ಹಲವು

ಆಗಸ್ಟ್ ತಿಂಗಳ ಮೊದಲ ವಾರ ಜಯನಗರ, ಬನಶಂಕರಿಯ ಯಾವುದಾದರೂ ಶಾಲಾ ಮೈದಾನದ ಪಕ್ಕ ಹಾದು ಹೋಗಿ. ಸ್ವಾತಂತ್ರ್ಯ ದಿನದ ಕವಾಯತಿಗೆ ಮಕ್ಕಳು ಬಾರಿಸುವ ಡ್ರಮ್ ಸದ್ದು ಕಿವಿಗೆ ಬೀಳುತ್ತದೆ. ಹೆಜ್ಜೆ ಕೂಡಿಸುವುದಷ್ಟೇ ಅದರ ಕೆಲಸ ಎಂದು ನಾವು ಭಾವಿಸುತ್ತೇವೆ. ಆದರೆ ಪೈಪ್ ಬ್ಯಾಂಡಿನಲ್ಲಿ ಇದೇ ಡ್ರಮ್ ಹೆಜ್ಜೆ ಎಣಿಸುವುದನ್ನು ದಾಟಿ ಮಾತನಾಡಲು ಕಲಿತಿದೆ. ಆ ಮಾತು ಎಲ್ಲಿಯದು? ಸ್ಕಾಟ್ಲೆಂಡಿನದು ಎಂದರೆ ಅರ್ಧ ಉತ್ತರ ಮಾತ್ರ.

ಬ್ಯಾಗ್‌ಪೈಪಿನಲ್ಲಿ ಇರುವುದು ಒಂಬತ್ತೇ ಸ್ವರ. ಅದರ ದನಿಯನ್ನು ಬೇಕೆಂದಾಗ ಏರಿಸಲು, ತಗ್ಗಿಸಲು ಬರುವುದಿಲ್ಲ. ಚೀಲದಲ್ಲಿ ಗಾಳಿ ಇರುವವರೆಗೆ ಒಂದೇ ಸಮನೆ ಮೊಳಗುತ್ತದೆ. ಆದ್ದರಿಂದ ಏರಿಳಿತದ ಹೊಣೆಯೆಲ್ಲ ಡ್ರಮ್ಮಿನದು. ನಮ್ಮ ಮದುವೆ ಮನೆಯಲ್ಲಿ ನಾಗಸ್ವರಕ್ಕೆ ಡೋಲು ಜೀವ ತುಂಬುವಂತೆ ಎನ್ನಬಹುದು.

ಕೈಗಳ ಕಾಗುಣಿತ

ಮೃದಂಗ ಕಲಿಯುವ ಹುಡುಗ 'ತ ದಿ ತೊಂ ನಂ' ಎಂದು ಪಾಠ ಶುರು ಮಾಡುತ್ತಾನೆ. ಪಾಶ್ಚಾತ್ಯ ಡ್ರಮ್ಮಿಗೂ ಇಂಥ ಕಾಗುಣಿತ ಇದೆ. ಅದಕ್ಕೆ ರೂಡಿಮೆಂಟ್ ಎಂದು ಹೆಸರು. ಬಲ-ಬಲ, ಎಡ-ಎಡ ಎಂದು ಬಾರಿಸುತ್ತ ವೇಗ ಹೆಚ್ಚಿಸುವುದು ಮೊದಲ ಪಾಠ. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂದರೆ 'ಪ್ಯಾರಾಡಿಡಲ್'. 'ಫ್ಲಾಮ್', 'ರಾಟಮಾಕ್ಯೂ' ಇತ್ಯಾದಿ ಹೆಸರುಗಳೂ ನಮ್ಮ ಸೊಲ್ಲುಗಳಂತೆ ಬಾರಿಸುವ ಸದ್ದನ್ನೇ ಹೋಲುತ್ತವೆ.

ಈ ಪಾಠಗಳು ಹುಟ್ಟಿದ್ದು ಸಭಾಂಗಣದಲ್ಲಲ್ಲ, ರಣರಂಗದಲ್ಲಿ. ಯುರೋಪಿನ ಅರಸರಿಗೆ ಕೂಲಿಗೆ ಕಾದಾಡುತ್ತಿದ್ದ ಸ್ವಿಸ್ ಸೈನಿಕರು 15 ಮತ್ತು 16ನೇ ಶತಮಾನಗಳಲ್ಲಿ ಡ್ರಮ್ ಮತ್ತು ಕೊಳಲನ್ನು ಜತೆಗೊಯ್ದರು. ಏಳು, ನಡೆ, ಹಿಮ್ಮೆಟ್ಟು ಎಂಬ ಆಜ್ಞೆಗಳೆಲ್ಲ ಕೋಲಿನ ಪೆಟ್ಟುಗಳಾದವು. ಒಂದೊಂದು ದೇಶದ ಸೇನೆ ಅದನ್ನು ತನ್ನದೇ ರೀತಿಯಲ್ಲಿ ಬೆಳೆಸಿತು. ಅಮೆರಿಕದ ವಾದಕರು 1933ರಲ್ಲಿ ಷಿಕಾಗೋದಲ್ಲಿ ಸೇರಿ ಸಂಘ ಕಟ್ಟಿದರು. ಅವರು ಪಟ್ಟಿ ಮಾಡಿದ 26 ಪಾಠಗಳು ಇಂದಿಗೂ ಪ್ರಸಿದ್ಧ. 1984ರಲ್ಲಿ ಸಿದ್ಧವಾದ 40ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸ್ವಿಸ್ ಪಾಠಗಳಿಗೂ ಜಾಗ ಸಿಕ್ಕಿತು.

ಗೆರೆಯ ಮೇಲೆ, ಗೆರೆಯ ಕೆಳಗೆ

ಬ್ರಿಟಿಷ್ ಸೇನೆ ಹೈಲ್ಯಾಂಡ್ ದಳಗಳ ಪೈಪ್ ವಾದಕರಿಗೆ ಅಧಿಕೃತ ಮಾನ್ಯತೆ ಕೊಟ್ಟದ್ದು 1854ರಲ್ಲಿ. ಪೈಪಿನ ಜತೆಗೂಡಿದ ಡ್ರಮ್ ಮೊದಮೊದಲು ಸೇನೆಯ ಸರಳ ಬಡಿತವನ್ನೇ ಬಾರಿಸುತ್ತಿತ್ತು. ಅದನ್ನು ಬದಲಿಸಿದವರಲ್ಲಿ ಮುಖ್ಯ ಹೆಸರು ಅಲೆಕ್ಸ್ ಡುಥಾರ್ಟ್ (1925-1986) ಅವರದು. ಸ್ಕಾಟ್ಲೆಂಡಿನ 'ಷಾಟ್ಸ್ ಅಂಡ್ ಡೈಕ್‌ಹೆಡ್' ಬ್ಯಾಂಡಿನ ಮುಖ್ಯ ಡ್ರಮ್ ವಾದಕರಾಗಿದ್ದ ಅವರು ಕಣ್ಣು ಹಾಯಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕಡೆಗೆ.

ಬಾಸೆಲ್‌ನಲ್ಲಿ ಪ್ರತಿವರ್ಷ ಫಾಸ್ನಾಖ್ಟ್ ಹಬ್ಬದ ಮೊದಲ ದಿನ ಬೆಳಗಿನ ಜಾವ ನಾಲ್ಕಕ್ಕೆ ಊರಿನ ದೀಪಗಳೆಲ್ಲ ಆರುತ್ತವೆ. ಕತ್ತಲಲ್ಲಿ ಸಾವಿರಾರು ಡ್ರಮ್‌ಗಳು, ಕೊಳಲುಗಳು ಒಮ್ಮೆಲೇ ಮೊಳಗುತ್ತವೆ. ಆ ಊರಿನ ಡಾ. ಫ್ರಿಟ್ಸ್ ಬರ್ಗರ್ ಒಂದು ಸುಲಭ ಲಿಪಿ ರೂಪಿಸಿದ್ದರು. ಅದರಲ್ಲಿ ಇರುವುದು ಒಂದೇ ಗೆರೆ. ಬಲಗೈ ಪೆಟ್ಟು ಗೆರೆಯ ಮೇಲೆ, ಎಡಗೈ ಪೆಟ್ಟು ಕೆಳಗೆ. ಡುಥಾರ್ಟ್ ಈ ಲಿಪಿಯನ್ನೂ ಸ್ವಿಸ್ ಪಾಠಗಳನ್ನೂ ಪೈಪ್ ಬ್ಯಾಂಡಿಗೆ ಒಗ್ಗಿಸಿದರು. ಇಂದು ಪೈಪ್ ಬ್ಯಾಂಡ್ ಡ್ರಮ್ ಕಲಿಯುವವರು ಓದುವುದು ಹೆಚ್ಚಾಗಿ ಇದೇ ಬಗೆಯ ಲಿಪಿಯನ್ನು.

ಹಾಗೆಂದು ಸ್ಕಾಟ್ ವಾದಕರು ಎಲ್ಲವನ್ನೂ ನಕಲು ಮಾಡಲಿಲ್ಲ. ಅಮೆರಿಕನ್ ಪದ್ಧತಿಯ ಉರುಳಿನಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಕಾಟ್ಲೆಂಡಿನಲ್ಲಿ ಕೋಲನ್ನು ಚರ್ಮಕ್ಕೆ ಒತ್ತಿ ದುಂಬಿಯ ಝೇಂಕಾರದಂಥ ಸದ್ದು ಹೊರಡಿಸುತ್ತಾರೆ. ಪೆಟ್ಟು ಯಾರದಾದರೂ ಕುಣಿತ ಮಾತ್ರ ಸ್ಕಾಟ್ಲೆಂಡಿನ ನೃತ್ಯದ್ದೇ.

ಕೊಟ್ಟು ಕೊಳ್ಳುವ ಈ ರೀತಿ ನಮಗೂ ಹೊಸದಲ್ಲ. ಸೇನೆ ಸೇರಿದ ಗಢವಾಲಿಗಳು ಪೈಪನ್ನು ಊರಿಗೆ ಒಯ್ದು 'ಮಶಕ್‌ಬೀನ್' ಎಂದು ಕರೆದರು. ಅಲ್ಲಿನ ಮದುವೆಗಳಲ್ಲಿ ಅದು ಢೋಲ್-ದಮಾವುಗಳ ಜತೆ ಬೆರೆಯಿತು. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನ ಪಕ್ಕದಲ್ಲೇ ಕರ್ನಾಟಕ ಬ್ಯಾಂಡ್ ಬೆಳೆಯಿತು. ವಿದೇಶಿ ವಾದ್ಯಗಳಲ್ಲಿ ನಮ್ಮ ಕೃತಿಗಳನ್ನು ನುಡಿಸಿತು.

ಹಾಗಾದರೆ ನಮ್ಮ ಶಾಲಾ ಬ್ಯಾಂಡುಗಳು ಮಾತ್ರ ಏಕೆ ಎರಡು ಮೂರು ಬಡಿತಗಳಲ್ಲೇ ನಿಂತಿವೆ? ಮೈದಾನದಿಂದ ನಾಲ್ಕು ಬೀದಿ ಆಚೆಗೆ ಮೃದಂಗದ ಪಾಠ ನಡೆಯುತ್ತಿರುತ್ತದೆ. ಲಯವಾದ್ಯಗಳಿಗೆಂದೇ ಮೀಸಲಾದ ಪರ್ಕಸಿವ್ ಆರ್ಟ್ಸ್ ಸೆಂಟರ್ ಹುಟ್ಟಿದ್ದೂ ಜಯನಗರದ ಈ ಸೀಮೆಯಲ್ಲೇ. ಆದರೂ ಕವಾಯತಿನ ಹುಡುಗನಿಗೂ ಮೃದಂಗದ ಹುಡುಗನಿಗೂ ಭೇಟಿಯೇ ಇಲ್ಲ. ಸ್ಕಾಟ್ಲೆಂಡಿನ ಗಣಿ ಸೀಮೆಯ ವಾದಕರೊಬ್ಬರು ಬಾಸೆಲ್‌ನಿಂದ ಪಾಠ ತಂದರು. ನಮ್ಮ ಹುಡುಗ ನಡೆಯಬೇಕಾದ್ದು ನಾಲ್ಕೇ ಬೀದಿ.